ಕೋಣೆ ಸಿಗದಿದ್ದರೂ ದಿನ ತಪ್ಪಿಸಬೇಡಿ

ನಾನು ಸರ್ಕಾರಿ ಶಾಲೆಗಳಿಗೆ ಹೋಗುವ ಕೌನ್ಸೆಲರ್. ಇದೇ ಕೆಲಸ ಮಾಡುವವರಿಗೆ ಈ ಮಾತು. ಒಂದೊಂದು ಶಾಲೆಗೂ ವಾರಕ್ಕೆ ಒಂದೇ ದಿನ. ಒಂದು ಕಡೆ ನನಗೆ ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಗಾಳಿ ಹೋದ ಚೆಂಡುಗಳ ನಡುವೆ ಎರಡು ಕುರ್ಚಿ, ಬಾಗಿಲಿಗೆ ಚಿಲಕ ಇಲ್ಲ. ಮಗು ಅಳುವ ಹೊತ್ತಿಗೆ ಯಾರೋ ಸ್ಕಿಪ್ಪಿಂಗ್ ಹಗ್ಗ ಹುಡುಕಿಕೊಂಡು ಬರುತ್ತಿದ್ದರು. ಕೊನೆಗೆ ಕುರ್ಚಿಗಳನ್ನು ವರಾಂಡದ ತುದಿಗೆ ಎಳೆದುಕೊಂಡೆ. ಎಲ್ಲರಿಗೂ ಕಾಣಬೇಕು, ಯಾರಿಗೂ ಕೇಳಿಸಬಾರದು. ಅಂಥ ಜಾಗ ಸಾಕು.

ಜಾಗಕ್ಕಿಂತ ಮುಖ್ಯ, ದಿನ ಮತ್ತು ಹೊತ್ತು. ಮೀಟಿಂಗ್ ಅಂತ ಒಮ್ಮೆ ಎರಡು ಮಂಗಳವಾರ ತಪ್ಪಿಸಿದೆ. ಮೂರನೆಯದಕ್ಕೆ ಹೋದಾಗ ಹನ್ನೆರಡು ವರ್ಷದ ಹುಡುಗಿಯೊಬ್ಬಳು "ನೀವು ಇನ್ನು ಬರಲ್ಲ ಅಂದ್ಕೊಂಡೆ" ಅಂದು ಕ್ಲಾಸಿಗೆ ಹೋದಳು. ಮತ್ತೆ ಬಾಯಿಬಿಡಲು ಎರಡು ತಿಂಗಳು ಹಿಡಿಯಿತು.

ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ಕೇಳಿದರೆ ನಗು ಬರುತ್ತೆ, ಅಲ್ವಾ? ನಾವೊಬ್ಬರೇ ಎಲ್ಲ ಮಕ್ಕಳನ್ನೂ ಗಮನಿಸಲು ಆಗಲ್ಲ, ಹಾಗಾಗಿ ಟೀಚರ್‌ಗಳ ಕಣ್ಣು ಬೇಕೇ ಬೇಕು. ಅವರನ್ನು ದಿನಗಟ್ಟಲೆ ಟ್ರೈನಿಂಗಿಗೆ ಕೂರಿಸಬೇಡಿ, ಮೊದಲೇ ಕೆಲಸ ಜಾಸ್ತಿ. ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂತು "ಈ ತಿಂಗಳು ಯಾರು ಮೊದಲಿನ ಹಾಗಿಲ್ಲ?" ಅಂತ ಕೇಳಿ. ಗಲಾಟೆ ಮಾಡುವವರ ಹೆಸರು ತಾನಾಗೇ ಬರುತ್ತದೆ. ಸುಮ್ನೆ ಮೂಲೆ ಹಿಡಿದವರನ್ನು ನೀವೇ ಕೆದಕಿ ಕೇಳಬೇಕು. ಹಾಜರಿ ಪುಸ್ತಕ ತಿರುವಿ: ಸೋಮವಾರವೇ ತಪ್ಪಿಸುವ ಮಗು, ಪದೇ ಪದೇ ಹೊಟ್ಟೆನೋವು ಅನ್ನುವ ಮಗು ಅಲ್ಲಿ ಸಿಗುತ್ತಾರೆ. ಮಗುವಿನ ಭಾವನೆ, ನಡವಳಿಕೆ ಹೇಗಿದೆ ಅಂತ ಕೇಳುವ ಎಸ್‌ಡಿಕ್ಯೂ ಎಂಬ 25 ಅಂಶಗಳ ಪಟ್ಟಿಯನ್ನು ಟೀಚರೇ ತುಂಬಬಹುದು. ಅದು ಕಾಯಿಲೆಗೆ ಹೆಸರಿಡಲು ಅಲ್ಲ, ಯಾರನ್ನು ಮೊದಲು ನೋಡಬೇಕು ಅಂತ ತಿಳಿಯಲು.

ಮಗು ಬಂದು ಕೂತಾಗ "ಏನು ಸಮಸ್ಯೆ?" ಅನ್ನಬೇಡಿ. "ನಿನ್ನೆ ಮನೆಗೆ ಹೋದಮೇಲೆ ಏನೇನು ಮಾಡಿದೆ?" ಅನ್ನಿ. ಅದಕ್ಕೂ ಮೊದಲು ಇಷ್ಟು ಹೇಳಿ: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನಗೋ ಬೇರೆಯವರಿಗೋ ಅಪಾಯ ಇದೆ ಅನ್ನಿಸಿದರೆ ಹೇಳಲೇಬೇಕು. ಯಾರಿಗೆ ಅಂತ ಮೊದಲು ನಿನಗೇ ತಿಳಿಸ್ತೀನಿ."

ಅನುಮಾನ ಬಂದರೆ "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ತಲೆಗೆ ಹೊಗುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯವರಲ್ಲಿ ಮಗು ನಂಬುವ ಒಬ್ಬರನ್ನು ಕರೆಸಿ, ಅವತ್ತೇ ಡಾಕ್ಟರ ಹತ್ತಿರ ಕಳಿಸಿ. ಹತ್ತಿರದ ಆಸ್ಪತ್ರೆಯ ನಂಬರನ್ನು ಅವಸರದಲ್ಲಿ ಹುಡುಕುವ ಹಾಗೆ ಆಗಬಾರದು, ವರ್ಷದ ಮೊದಲ ವಾರವೇ ಬರೆದಿಟ್ಟುಕೊಳ್ಳಿ.

ನೋಟ್ಸಿನಲ್ಲಿ ಹೆಸರು ಬೇಡ, ನಿಮಗೆ ಮಾತ್ರ ತಿಳಿಯುವ ಗುರುತು ಸಾಕು. ನನ್ನ ಪುಸ್ತಕ ಯಾವಾಗಲೂ ನನ್ನ ಬ್ಯಾಗಿನಲ್ಲೇ. ಶಾಲೆಯ ಬೀರುವಿನಲ್ಲಿ ಇಡಲ್ಲ, ಅದರ ಕೀಲಿ ಮೂರು ಜನರ ಹತ್ತಿರ ಇದೆ.