ಹಾಡು ನಿಂತರೆ ಮಗುವೂ ನಿಲ್ಲಬೇಕು

3ರಿಂದ 5 ವರ್ಷದ ಮಕ್ಕಳಿದ್ದರೆ ಇದನ್ನೊಮ್ಮೆ ಮಾಡಿ ನೋಡಿ. ಹಾಡು ಹಾಕಿ, ಕುಣಿಯಲು ಬಿಡಿ, ನಡುವೆ ಥಟ್ಟನೆ ನಿಲ್ಲಿಸಿ. ಆಗ ಮಗುವೂ ಗೊಂಬೆ ಹಾಗೆ ನಿಲ್ಲಬೇಕು. ಒಂದು ಕಾಲು ಎತ್ತಿಕೊಂಡು, ತುಟಿ ಬಿಗಿಹಿಡಿದು, ಅಲುಗಾಡದೆ ಇರಲು ಅದು ಪಡುವ ಪಾಡು ನೋಡಬೇಕು! ಸುಮ್ನೆ ಆಟದ ಹಾಗೆ ಕಂಡರೂ ಗಮನವಿಟ್ಟು ಕೇಳುವುದು, ತನ್ನನ್ನು ತಾನು ತಡೆದುಕೊಳ್ಳುವುದು, ಬೀಳದೆ ನಿಲ್ಲುವುದು ಎಲ್ಲವೂ ಇದರಲ್ಲೇ ರೂಢಿಯಾಗುತ್ತವೆ.

ಇನ್ನೊಂದು, ಪದಗಳನ್ನು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸಿ. ಚಿಟ್ಟೆಗೆ ಎರಡು ಚಪ್ಪಾಳೆ, ಮೊಸಳೆಗೆ ಮೂರು. ಪದದೊಳಗಿನ ಸದ್ದುಗಳು ಬೇರೆ ಬೇರೆಯಾಗಿ ಕಿವಿಗೆ ಬಿದ್ದರೆ ಮುಂದೆ ಓದು ಕಲಿಯುವುದು ಸುಲಭ ಅಲ್ವಾ?

ಟಿವಿ ಮುಂದೆ ಕೂರಿಸಿದರೆ ಇದು ಆಗುವುದಿಲ್ಲ, ನೀವೂ ಜೊತೆಗೆ ಕುಣಿಯಬೇಕು. ಹೆಜ್ಜೆ ತಪ್ಪಿದರೆ ದಯವಿಟ್ಟು ತಿದ್ದಬೇಡಿ. ದಿನಕ್ಕೆ 10 ನಿಮಿಷ ಸಾಕು.