ಕ್ರಿಸ್‌ಮಸ್‌ಗೆ ಕಷ್ಟದಲ್ಲಿರುವ ಕುಟುಂಬಕ್ಕೆ ನೆರವು: ಮುಜುಗರವಾಗದಂತೆ ಕೊಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕೊಡುವ ಮನಸ್ಸಿಗೆ ಬರವಿಲ್ಲ. ಆದರೆ ಕೊಡುವ ರೀತಿಯಲ್ಲಿ ಎಡವುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹಬ್ಬದ ಹಿಂದಿನ ಸಂಜೆ ಐದಾರು ಜನ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತಾರೆ. ಮಕ್ಕಳ ಕೈಗೆ ಆಟಿಕೆ ಕೊಟ್ಟು, ಫೋಟೊ ತೆಗೆದು, ಹೊರಡುತ್ತಾರೆ. ಅಪ್ಪ ಅಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ‘ನಮ್ಮಪ್ಪನ ಕೈಲಿ ಆಗಲಿಲ್ಲ, ಬೇರೆಯವರು ಕೊಡಿಸಿದರು’ ಎನ್ನುವುದೂ ಅವತ್ತೇ ಅವರಿಗೆ ಗೊತ್ತಾಗುತ್ತದೆ.

ಸಾಂಟಾಕ್ಲಾಸ್‌ನ ಮೂಲ ಎನ್ನಲಾಗುವ ಸಂತ ನಿಕೋಲಸ್ 4ನೇ ಶತಮಾನದಲ್ಲಿ ಮೈರಾದ ಬಿಷಪ್ ಆಗಿದ್ದವರು. ಅದು ಈಗಿನ ಟರ್ಕಿಯಲ್ಲಿದೆ. ಮೂವರು ಹೆಣ್ಣುಮಕ್ಕಳ ಮದುವೆಗೆ ದಾರಿಯಿಲ್ಲದೆ ಕುಳಿತಿದ್ದ ತಂದೆಯ ಮನೆಯೊಳಗೆ ಅವರು ರಾತ್ರಿ ಹೊತ್ತು, ಯಾರಿಗೂ ಗೊತ್ತಾಗದಂತೆ ಚಿನ್ನದ ಗಂಟು ಎಸೆದರು ಎಂದು ಕಥೆ. ಕೊಟ್ಟವರು ಯಾರೆಂದು ಕಾಣದಂತೆ ಕೊಡುವುದು ಈ ಹಬ್ಬಕ್ಕೆ ಹೊಸದೇನಲ್ಲ.

ಹಂತ 1: ನವೆಂಬರ್‌ನಲ್ಲೇ ಶುರು ಮಾಡಿ

ಕೊನೆಯ ವಾರದಲ್ಲಿ ಅಳತೆ ಕೇಳಿ ಬಟ್ಟೆ ತರಲು ಆಗುವುದಿಲ್ಲ. ಅಷ್ಟೇ.

ಹಂತ 2: ಕುಟುಂಬ ಹುಡುಕುವುದು

ಪರಿಚಯದ ಮನೆಯಾದರೆ ನೇರವಾಗಿ ಮಾತನಾಡಿ. ಇಲ್ಲದಿದ್ದರೆ ಶಾಲೆಯ ಶಿಕ್ಷಕರು ಅಥವಾ ಚರ್ಚಿನವರ ಮೂಲಕ ಹೋಗಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸಂಘ ಇಂದಿಗೂ ಮನೆಮನೆಗೆ ಹೋಗಿ ಕಷ್ಟ ಕೇಳುತ್ತದೆ. ಕ್ರೈಸ್ತ ಸೇವಾಸಂಸ್ಥೆ ಸಾಲ್ವೇಶನ್ ಆರ್ಮಿಯ ‘ಏಂಜೆಲ್ ಟ್ರೀ’ ಇನ್ನೊಂದು ದಾರಿ. 1979ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ, ದೇವದೂತರ ಚಿತ್ರವಿದ್ದ ಕಾರ್ಡುಗಳ ಮೇಲೆ ಮಕ್ಕಳಿಗೆ ಬೇಕಾದದ್ದನ್ನು ಬರೆದು ಮಾಲ್‌ನ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಿದ್ದರು. ಬಂದವರು ಒಂದು ಕಾರ್ಡ್ ತೆಗೆದುಕೊಂಡು ಅದರಲ್ಲಿದ್ದ ಸಾಮಾನು ತಂದುಕೊಡುತ್ತಿದ್ದರು. ನೀವೇ ಹೋಗಿ ಮಾತನಾಡಲು ಹಿಂಜರಿಕೆ ಇದ್ದರೆ ಇಂಥ ವ್ಯವಸ್ಥೆ ಒಳ್ಳೆಯದು.

ಹಂತ 3: ಕೇಳುವುದು

ಜನ ಜಾಸ್ತಿ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು, ಆ ಮನೆಯಲ್ಲಿ ಕ್ರಿಸ್‌ಮಸ್ ಆಚರಿಸುತ್ತಾರಾ, ಆಚರಿಸಿದರೆ ಯಾವಾಗ, ತಿಳಿದುಕೊಳ್ಳಿ. ರಷ್ಯಾ, ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯವರಿಗೆ ಹಬ್ಬ ಜನವರಿ 7ರಂದು.

ದೊಡ್ಡವರೊಬ್ಬರ ಜೊತೆ ಮಾತ್ರ ಮಾತನಾಡಿ, ಮಕ್ಕಳ ಮುಂದೆ ಬೇಡವೇ ಬೇಡ. ಎದುರಿಗೆ ಕೇಳುವುದಕ್ಕಿಂತ ಮೆಸೇಜ್ ಹಾಕುವುದು ವಾಸಿ. ಓದಿ, ಯೋಚನೆ ಮಾಡಿ, ಬೇಡ ಎನ್ನಲು ಅವರಿಗೆ ಸಮಯ ಸಿಗುತ್ತದೆ. ಮುಖ ನೋಡಿಕೊಂಡು ಬೇಡ ಎನ್ನುವುದು ಎಷ್ಟು ಕಷ್ಟ ಅಲ್ವಾ?

‘ಏನಾದರೂ ಬೇಕಿತ್ತಾ?’ ಎಂದು ಕೇಳಬೇಡಿ. ಸಂಕೋಚದ ಮನುಷ್ಯ ಇದಕ್ಕೆ ಕೊಡುವ ಉತ್ತರ ಒಂದೇ: ‘ಏನೂ ಬೇಡ.’ ಹೀಗೆ ಕೇಳಿ: ‘ಈ ಸಲ ನಾವು ಹಬ್ಬಕ್ಕೆ ಒಂದಿಷ್ಟು ದುಡ್ಡು ಎತ್ತಿಟ್ಟಿದ್ದೇವೆ. ನಿಮ್ಮ ಜೊತೆ ಹಂಚಿಕೊಳ್ಳುವ ಆಸೆ ಇದೆ. ಸಾಮಾನು ತಂದುಕೊಟ್ಟರೆ ಅನುಕೂಲವೋ, ದುಡ್ಡೇ ಕೊಟ್ಟರೆ ಅನುಕೂಲವೋ?’ ಬೇಕೋ ಬೇಡವೋ ಎನ್ನುವುದಕ್ಕಿಂತ ಇದಕ್ಕೆ ಉತ್ತರಿಸುವುದು ಸುಲಭ.

ದುಡ್ಡು ಎಂದರೆ ದುಡ್ಡೇ ಕೊಡಿ. ಯಾವುದಕ್ಕೆ ಎಂದು ಕೇಳಬೇಡಿ, ಆಮೇಲೆ ಲೆಕ್ಕವನ್ನೂ ಕೇಳಬೇಡಿ. ಬಾಡಿಗೆ ಬಾಕಿ ಇರಬಹುದು, ಔಷಧಿ ತರಬೇಕಿರಬಹುದು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಉಡುಗೊರೆ ಇದೇ. ಕೆಲಸ ಹೋಗಿದ್ದು ಹೇಗೆ, ಗಂಡ ಎಲ್ಲಿ ಎಂದೆಲ್ಲ ಕೆದಕುವುದು ನಮ್ಮ ಕೆಲಸವಲ್ಲ.

ಸಾಮಾನು ಎಂದರೆ ಮೂರು ವಿಷಯ ಕೇಳಿ: ಬಟ್ಟೆ ಮತ್ತು ಚಪ್ಪಲಿಯ ಅಳತೆ, ಯಾರಿಗಾದರೂ ಅಲರ್ಜಿ ಅಥವಾ ಪಥ್ಯ ಇದೆಯಾ, ಅಡುಗೆಗೆ ಒಲೆ, ಫ್ರಿಜ್ ಏನೇನಿದೆ. ಫ್ರಿಜ್ ಇಲ್ಲದ ಮನೆಗೆ ಕೆಡುವ ಪದಾರ್ಥ ಕೊಟ್ಟರೆ ಅದು ಕಸದ ಬುಟ್ಟಿ ಸೇರುತ್ತದೆ. ಕೂಸಿಗೆ ಹಾಲಿನ ಪುಡಿ ಬೇಕಿದ್ದರೆ ಈಗ ಯಾವುದು ಕೊಡುತ್ತಿದ್ದಾರೋ ಅದನ್ನೇ ತನ್ನಿ. ಮಕ್ಕಳಿಗೆ ಏನಿಷ್ಟ ಎನ್ನುವುದನ್ನೂ ಹೆತ್ತವರನ್ನೇ ಕೇಳಿ. ಮಕ್ಕಳನ್ನು ಕೇಳಿದರೆ ನೀವು ಮಾತು ಕೊಟ್ಟಂತಾಗುತ್ತದೆ.

ಬೇಡ ಎಂದರೆ? ‘ಸರಿ, ಮುಂದೆ ಬೇಕೆನಿಸಿದರೆ ಒಂದು ಮೆಸೇಜ್ ಹಾಕಿ’ ಎಂದು ಸುಮ್ನೆ ಆಗಿಬಿಡಿ. ಮತ್ತೆ ಮತ್ತೆ ಒತ್ತಾಯಿಸುವುದು ಪ್ರೀತಿಯಲ್ಲ.

ಹಂತ 4: ಖರೀದಿ

ಅಣ್ಣತಮ್ಮ, ಅಕ್ಕತಂಗಿಯರಿಗೆ ಉಡುಗೊರೆಗಳ ಸಂಖ್ಯೆ ಸಮನಾಗಿರಲಿ, ಮಕ್ಕಳು ಎಣಿಸುತ್ತಾರೆ. ಹದಿಹರೆಯದವರನ್ನು ಬಿಡಬೇಡಿ. ಗೊಂಬೆಯ ವಯಸ್ಸು ದಾಟಿದೆ ಎಂದು ಎಲ್ಲರೂ ಅವರನ್ನೇ ಮರೆಯುತ್ತಾರೆ. 3 ವರ್ಷದೊಳಗಿನ ಮಗುವಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಸಣ್ಣ ಭಾಗಗಳಿರುವ ಆಟಿಕೆ ಬೇಡ.

ಮಿಣುಕುವ, ಹಾಡುವ ಅಗ್ಗದ ಆಟಿಕೆಗಳ ಬಗ್ಗೆ ಒಂದು ಎಚ್ಚರಿಕೆ. ಕೆಲವದರಲ್ಲಿ ಬಟನ್ ಸೆಲ್‌ನ (ಗುಂಡಿಯಂಥ ಪುಟ್ಟ ಬ್ಯಾಟರಿಯ) ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ. ಮಗು ಆ ಸೆಲ್ ನುಂಗಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಡಲು ಶುರುವಾಗುತ್ತದೆ, ಜೀವಕ್ಕೇ ಅಪಾಯ. ಸ್ಕ್ರೂ ಇಲ್ಲದಿದ್ದರೆ ಕೊಳ್ಳಲೇಬೇಡಿ.

ರೆಡಿಮೇಡ್ ಹಬ್ಬದ ಬುಟ್ಟಿಯೂ ಬೇಡ. ಅದರಲ್ಲಿ ಬುಟ್ಟಿ, ರಿಬ್ಬನ್, ಪ್ಲಾಸ್ಟಿಕ್ ಹೊದಿಕೆಗೇ ಒಂದಿಷ್ಟು ದುಡ್ಡು ಹೋಗುತ್ತದೆ. ಅದೇ ದುಡ್ಡಿಗೆ ದಿನಸಿ ತಂದರೆ ಮನೆಗೆ ಎಷ್ಟೋ ದಿನ ಬರುತ್ತದೆ. ಮನೆಯಲ್ಲಿ ಉಳಿದ ಹಳೆಯ ಡಬ್ಬಗಳನ್ನು ಒಟ್ಟು ಮಾಡಿ ಕೊಡುವ ಸುಲಭದ ದಾರಿ ಹಿಡಿಯಬೇಡಿ. ನಿಮ್ಮ ಮನೆಯಲ್ಲಿ ಬಳಸದ್ದನ್ನು ಇನ್ನೊಬ್ಬರಿಗೆ ಯಾಕೆ?

ಹಂತ 5: ತಲುಪಿಸುವುದು

ದಿನಸಿಯನ್ನು ಶಾಲೆಗೆ ರಜೆ ಕೊಡುವ ಮೊದಲೇ ತಲುಪಿಸಿ. ಶಾಲೆಯಲ್ಲಿ ಊಟ ಮಾಡುವ ಮಕ್ಕಳು ರಜೆಯಲ್ಲಿ ಮೂರು ಹೊತ್ತೂ ಮನೆಯಲ್ಲೇ ಉಣ್ಣಬೇಕು. ಡಿಸೆಂಬರ್‌ನ ಖರ್ಚು ಏರುವುದೇ ಅಲ್ಲಿ.

ಉಡುಗೊರೆಗಳನ್ನು ಕಟ್ಟಬೇಡಿ. ಗಿಫ್ಟ್ ಪೇಪರ್, ಟೇಪ್, ಹೆಸರು ಬರೆಯುವ ಚೀಟಿಗಳನ್ನು ಜೊತೆಗೆ ಕೊಡಿ. ಒಳಗೆ ಏನಿದೆ ಎಂದು ಹೆತ್ತವರು ನೋಡಲಿ, ರಾತ್ರಿ ಕೂತು ಅವರೇ ಕಟ್ಟಲಿ, ಅವರದೇ ಕೈಬರಹದಲ್ಲಿ ಹೆಸರು ಬರೆಯಲಿ. ಆಗ ಅದು ಅಪ್ಪ ಅಮ್ಮ ಕೊಟ್ಟ ಉಡುಗೊರೆಯೇ ಆಗುತ್ತದೆ. ಅಮ್ಮನಿಗೆಂದು ಒಂದು ವಸ್ತುವನ್ನೂ ಸೇರಿಸಿ. ಮಕ್ಕಳು ಅಮ್ಮನಿಗೆ ಕೊಡುವಂತೆ ಅಪ್ಪನೋ ಅಜ್ಜಿಯೋ ನೋಡಿಕೊಳ್ಳುತ್ತಾರೆ.

ಮಕ್ಕಳು ಮನೆಯಲ್ಲಿಲ್ಲದ ಹೊತ್ತು ಕೇಳಿಕೊಂಡು, ಸಾದಾ ಚೀಲದಲ್ಲಿ ತುಂಬಿಕೊಂಡು, ಒಬ್ಬರೇ ಹೋಗಿ. ಕರೆದರೆ ಒಳಗೆ ಹೋಗಿ ಕೂರಿ, ಕರೆಯದಿದ್ದರೆ ಹೊಸ್ತಿಲಲ್ಲೇ ಕೊಟ್ಟು ಬನ್ನಿ. ಫೋಟೊ ಬೇಡ, ಮುಖ ಮರೆಮಾಡಿದ್ದೂ ಬೇಡ. ಮನೆಯ ಗೋಡೆ ನೋಡಿಯೇ ಗುರುತು ಹಿಡಿಯುವವರಿರುತ್ತಾರೆ.

ತಡವಾಯಿತಾ? ಚರ್ಚಿನ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ. ಜನವರಿ 6ರ ಎಪಿಫನಿಯಂದೇ (ಜ್ಞಾನಿಗಳು ಬಾಲಯೇಸುವನ್ನು ಕಂಡದ್ದನ್ನು ನೆನೆಯುವ ಹಬ್ಬ) ಉಡುಗೊರೆ ಕೊಡುವ ದೇಶಗಳೂ ಇವೆ. ಧೈರ್ಯವಾಗಿ ಕೊಡಿ.

ಹಂತ 6: ಜನವರಿ

ಹಬ್ಬಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಮೂರನೇ ಒಂದು ಭಾಗ ಜನವರಿಗೆ ಉಳಿಸಿಕೊಳ್ಳಿ. ಕೊಡುವವರೆಲ್ಲ ಡಿಸೆಂಬರ್‌ನಲ್ಲೇ ಕೊಟ್ಟು ಮುಗಿಸಿರುತ್ತಾರೆ. ಬಿಲ್ಲುಗಳು ಬರುವುದು ಆಮೇಲೆ. ಧನ್ಯವಾದದ ಮೆಸೇಜ್ ಬಂದಿರಲಿ, ಬಿಡಲಿ, ತಿಂಗಳ ಮೂರನೇ ವಾರದಲ್ಲಿ ನೀವೇ ಒಂದು ಮೆಸೇಜ್ ಹಾಕಿ: ‘ಈ ತಿಂಗಳ ದಿನಸಿ ನಾವು ನೋಡಿಕೊಳ್ಳಬಹುದಾ? ಪಟ್ಟಿ ಕಳಿಸಿ.’