ಚಾವಡಿಯ ಗೋಡೆಗೆ ಅಂಗಡಿಯ ಚಿತ್ರ: ಕೊಳ್ಳುವಾಗ, ತೂಗುಹಾಕುವಾಗ ಗಮನಿಸಬೇಕಾದದ್ದು

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಹೊಸದಾಗಿ ಒಕ್ಕಲಾದ ಮನೆಗಳ ಚಾವಡಿಯಲ್ಲಿ ಓಡುವ ಏಳು ಕುದುರೆಗಳೋ, ಕೊಳಲೂದುವ ಕೃಷ್ಣನೋ, ಯಕ್ಷಗಾನದ ಬಣ್ಣದ ವೇಷದ ಮುಖವೋ ಇರುವ ದೊಡ್ಡ ಚಿತ್ರವೊಂದು ಈಗ ಸಾಮಾನ್ಯವಾಗಿ ಕಾಣಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದೇ ಮಾದರಿಯಿಂದ ರಾಶಿರಾಶಿಯಾಗಿ ತಯಾರಾದ ಪ್ರತಿಗಳು. ಅದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ನಮ್ಮ ಹಿರಿಯರ ದೇವರಕೋಣೆಗೆ ಲಕ್ಷ್ಮಿ, ಸರಸ್ವತಿಯರು ಬಂದದ್ದೂ ಹೀಗೆಯೇ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು ಮಾಡಿ, ಒಂದರ ಮೇಲೊಂದನ್ನು ಒತ್ತಿ ತೆಗೆದ ಪಟಗಳು ಬಡವರ ಗೋಡೆಯನ್ನೂ ತಲುಪಿದವು. ಆದರೆ ಕೈಯಲ್ಲಿರುವುದು ಯಾವ ಬಗೆಯ ಪ್ರತಿ ಎಂಬುದನ್ನು ತಿಳಿಯದೆ ಕೊಂಡರೆ ಹಣ ಹೆಚ್ಚು ತೆರಬೇಕಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಊರಿಗೆ ತಕ್ಕಂತೆ ತೂಗುಹಾಕದಿದ್ದರೆ ಚಿತ್ರವೇ ಉಳಿಯುವುದಿಲ್ಲ.

ಅಂಗಡಿಯಲ್ಲಿ ‘ಹ್ಯಾಂಡ್ ಪೇಂಟಿಂಗ್’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ನಿಜವಾಗಿಯೂ ಕೈಯಿಂದ ಬರೆದ, ಆದರೆ ಸಾಲುಸಾಲಾಗಿ ತಯಾರಾದ ಚಿತ್ರಗಳು ಇವೆ. ಚೀನದ ಶೆನ್‌ಝೆನ್ ನಗರದ ದಾಫೆನ್ ಎಂಬ ಹಳ್ಳಿ 1989ರ ಬಳಿಕ ಇಂಥ ತೈಲಚಿತ್ರಗಳಿಂದಲೇ ಜಗತ್ತಿನಲ್ಲಿ ಹೆಸರಾಯಿತು. ಇನ್ನೊಂದು ಬಗೆಯಲ್ಲಿ ಕ್ಯಾನ್ವಾಸ್ ಬಟ್ಟೆಯ ಮೇಲೆ ಇಂಕ್‌ಜೆಟ್ ಯಂತ್ರದಿಂದ ಮುದ್ರಿಸಿರುತ್ತಾರೆ. ಮೂರನೆಯದು ಇವೆರಡರ ನಡುವಿನದು: ಮುದ್ರಿಸಿದ ಕ್ಯಾನ್ವಾಸಿನ ಮೇಲೆ ಬಣ್ಣವಿಲ್ಲದ ಜೆಲ್ ಹಚ್ಚಿ ಕುಂಚದ ಗೆರೆ ಎಳೆದಿರುತ್ತಾರೆ. ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ.

ಇದನ್ನು ಕಂಡುಹಿಡಿಯಲು ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕೈಯಿಂದ ಬರೆದ ಚಿತ್ರದಲ್ಲಿ ಕುಂಚದ ಉಬ್ಬು ಬಣ್ಣದ ಜೊತೆಗೇ ಸಾಗುತ್ತದೆ. ನವಿಲುಗರಿಯ ಎಸಳು ತಿರುಗಿದ ಕಡೆಗೆ ಉಬ್ಬೂ ತಿರುಗುತ್ತದೆ. ನಾನು ನೋಡಿದ ಒಂದು ಕೃಷ್ಣನ ಚಿತ್ರದಲ್ಲಿ ಜೆಲ್ಲಿನ ಗೆರೆ ನವಿಲುಗರಿಯಿಂದ ಹೊರಟು, ಹಣೆಯನ್ನು ದಾಟಿ, ನೇರವಾಗಿ ಕೊಳಲಿನ ಮೇಲೆ ಇಳಿದಿತ್ತು. ಅಡಿಯಲ್ಲಿ ಏನಿದೆ ಎಂಬ ಪರಿವೆಯೇ ಅದಕ್ಕಿರಲಿಲ್ಲ. ಅನುಮಾನ ಉಳಿದರೆ ಭೂತಗನ್ನಡಿಯಲ್ಲಿ ನೋಡಬಹುದು. ಮುದ್ರಣವಾಗಿದ್ದರೆ ಚರ್ಮದ ಬಣ್ಣ ನೀಲಿ, ಕೆನ್ನೇರಳೆ, ಹಳದಿ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಮುದ್ರಣವಾದದ್ದು ತಪ್ಪಲ್ಲ, ಮುದ್ರಣಕ್ಕೆ ಕೈಕೆಲಸದ ಬೆಲೆ ಕೊಡಬಾರದು ಎಂಬುದಷ್ಟೇ ನನ್ನ ಮಾತು.

ಮುದ್ರಣವನ್ನೇ ಕೊಳ್ಳುವುದಾದರೆ ಶಾಯಿ ಯಾವುದೆಂದು ಕೇಳಲೇಬೇಕು. ಬಣ್ಣದ ನುಣ್ಣನೆ ಪುಡಿ ಬೆರೆತ ಪಿಗ್ಮೆಂಟ್ ಶಾಯಿ ಬಿಸಿಲಿಗೆ ಬಹುಕಾಲ ತಾಳುತ್ತದೆ. ಬಣ್ಣ ಪೂರ್ತಿ ಕರಗಿರುವ ಡೈ ಶಾಯಿ ಬೇಗ ಮಾಸುತ್ತದೆ, ನೀರು ತಾಗಿದರೆ ಹರಡುವುದೂ ಉಂಟು. ಚೌಕಟ್ಟಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಮ್ಮ ಕಡೆಗೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಬೇಡ. ಅದು ತೇವ ಹೀರಿ ಉಬ್ಬುತ್ತದೆ, ಮೂಲೆಗಳು ಬಿಡುತ್ತವೆ. ಚೆನ್ನಾಗಿ ಒಣಗಿದ ಸಾಗುವಾನಿ ಒಳ್ಳೆಯದು. ಅಷ್ಟು ಖರ್ಚು ಬೇಡವೆಂದಾದರೆ ಪಾಲಿಸ್ಟೈರೀನ್ ಪಟ್ಟಿಯ ಚೌಕಟ್ಟು ಸಾಕು; ಅದು ಉಬ್ಬುವುದಿಲ್ಲ, ಒರಲೆಗೆ ಆಹಾರವೂ ಅಲ್ಲ.

ಇನ್ನು ಗೋಡೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ನೀರನ್ನು ಎಳೆದುಕೊಳ್ಳುತ್ತದೆ, ಅದರಲ್ಲೂ ಗಾಳಿಮಳೆ ನೇರವಾಗಿ ಬಡಿಯುವ ಪಡುವಣ ಗೋಡೆ ತಿಂಗಳುಗಟ್ಟಲೆ ಒಳಗೊಳಗೇ ಒದ್ದೆಯಾಗಿರುತ್ತದೆ. ಬದಿಯಡ್ಕದ ಬಳಿಯ ನಮ್ಮ ಮನೆಯಲ್ಲಿ ಅಂಥ ಗೋಡೆಗೆ ಒತ್ತಿ ತೂಗುಹಾಕಿದ ಕ್ಯಾನ್ವಾಸನ್ನು ತುಳುವರ ಆಟಿ ತಿಂಗಳ (ಜುಲೈ–ಆಗಸ್ಟ್) ಕೊನೆಗೆ ಇಳಿಸಿದಾಗ ಮುಂಭಾಗ ಚೆನ್ನಾಗಿಯೇ ಇತ್ತು. ಹಿಂದೆ ತಿರುಗಿಸಿದರೆ ಬಟ್ಟೆಯ ತುಂಬ ಬೂದುಹಸಿರು ಬೂಷ್ಟು ಹಬ್ಬಿತ್ತು. ಆ ಮೇಲೆ ನಾನು ಮೊದಲು ಗೋಡೆಯನ್ನು ಪರೀಕ್ಷಿಸದೆ ಮೊಳೆ ಹೊಡೆದದ್ದಿಲ್ಲ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಮೈಯಲ್ಲಿ ನೀರಹನಿ ಕಟ್ಟಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಆ ಜಾಗ ಬಿಟ್ಟು ಮನೆಯ ಒಳಗೋಡೆಯನ್ನು ಆರಿಸಿಕೊಳ್ಳುವುದು ಲೇಸು. ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು, ಬೇಸಗೆಯಲ್ಲಿ ಎಲ್ಲ ಗೋಡೆಯೂ ಒಣಗಿದಂತೆಯೇ ತೋರುತ್ತದೆ.

ಒಣ ಗೋಡೆಯಾದರೂ ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕಿನ ಅಥವಾ ರಬ್ಬರಿನ ತುಂಡುಗಳನ್ನು ಅಂಟಿಸಿ, ಗಾಳಿ ಓಡಾಡಲು ಜಾಗ ಬಿಡಬೇಕು. ಹಿಂಬದಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬಾರದು; ತೇವ ಒಳಗೇ ಉಳಿಯುತ್ತದೆ. ಕಾಗದದ ಚಿತ್ರಕ್ಕೆ ಗಾಜು ಹಾಕಿಸುವುದಾದರೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಬೇಕು, ಇಲ್ಲವಾದರೆ ಕಾಗದ ಗಾಜಿಗೆ ಅಂಟಿಕೊಂಡು ಮತ್ತೆ ಬಿಡಿಸಲು ಬರುವುದಿಲ್ಲ. ಮೊಳೆಯನ್ನು ಸುತ್ತಿಗೆಯಿಂದ ಬಡಿದರೆ ಗಾರೆ ಉದುರುತ್ತದೆ. ಡ್ರಿಲ್ ಮಾಡಿ ಪ್ಲಗ್ ಕೂರಿಸಿ ತಿರುಪು ಹಾಕುವುದೇ ಕ್ರಮ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸರಿಹೋಗುತ್ತದೆ. ಸೋಫಾದ ಮೇಲಾದರೆ ಅದರ ಉದ್ದದ ಮೂರರಲ್ಲಿ ಎರಡು ಪಾಲು ಅಗಲದ ಚಿತ್ರ ಸಾಕು.

ಊರಿನ ಮುದ್ರಣದ ಅಂಗಡಿಯಲ್ಲೇ ಕ್ಯಾನ್ವಾಸ್ ಮಾಡಿಸುವವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಕೊಡಬಾರದು, ಅದರ ಗಾತ್ರ ಕುಗ್ಗಿರುತ್ತದೆ. ಮೂರು ಅಡಿಗೆ ಎರಡು ಅಡಿಯ ಚಿತ್ರ ಚೆನ್ನಾಗಿ ಬರಲು 5,400ಕ್ಕೆ 3,600 ಪಿಕ್ಸೆಲ್ ಇರಬೇಕು. ಅಂಗುಲಕ್ಕೆ 150ರ ಲೆಕ್ಕ ಅದು. ಹಕ್ಕಿನ ಪ್ರಶ್ನೆಯೂ ಇದೆ. ನಮ್ಮ ಕಾನೂನಿನಂತೆ ಚಿತ್ರಕಾರರು ತೀರಿಕೊಂಡ ಬಳಿಕ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ರವಿವರ್ಮರು 1906ರಲ್ಲಿ ತೀರಿಕೊಂಡುದರಿಂದ ಅವರ ಚಿತ್ರಗಳಿಗೆ ತಡೆಯಿಲ್ಲ. ಆದರೆ ನಮ್ಮೂರಿನ ಛಾಯಾಗ್ರಾಹಕರೊಬ್ಬರು ಇರುಳಿಡೀ ರಂಗಸ್ಥಳದ ಮುಂದೆ ಕುಳಿತು ತೆಗೆದ ವೇಷದ ಫೋಟೊವನ್ನು ಅವರನ್ನು ಕೇಳದೆ ಮುದ್ರಿಸುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬಾರದು, ಎಣ್ಣೆ ಮುಟ್ಟಿಸಲೂಬಾರದು. ಆಟಿಯ ಬಳಿಕ ಬರುವ ಸೋಣ ತಿಂಗಳಲ್ಲಿ ಬಿಸಿಲು ಬಿದ್ದ ದಿನ ಚಿತ್ರವನ್ನು ಜಗಲಿಯ ನೆರಳಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪೂರ್ತಿ ಒಣಗಿದ ಬಳಿಕ ಮೆತ್ತಗಿನ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಹಗುರವಾಗಿ ಗುಡಿಸಬೇಕು. ಚಿತ್ರ ತೂಗುತ್ತಿದ್ದ ಗೋಡೆಯನ್ನೂ ಅದೇ ದಿನ ಒರೆಸಿ, ಒಣಗಲು ಬಿಟ್ಟು, ಮರುದಿನ ಚಿತ್ರವನ್ನು ಮತ್ತೆ ಏರಿಸಬಹುದು.